ಸೋಮವಾರ ಬರುತ್ತೇನೆ ಎಂದ ಲಾಯರಮ್ಮ

ರಾಮನಗರದ ಕೋರ್ಟಿನ ಹಿಂದಿನ ಬೀದಿಯಲ್ಲಿದ್ದ ಅವರ ಆಫೀಸನ್ನು ಕಳೆದ ವಾರ ಖಾಲಿ ಮಾಡಿದೆವು. ಅವರ ತಮ್ಮ ಫೋನು ಮಾಡಿ, "ಅಕ್ಕನ ಫೈಲುಗಳಲ್ಲಿ ಯಾರ್ದು ಯಾವ್ದು ಅಂತ ನಂಗೆ ತಿಳಿಯಾಕಿಲ್ಲ, ನೀವೊಸಿ ಬನ್ನಿ" ಎಂದಿದ್ದರು. ನಾನು ವಕೀಲಳಲ್ಲ, ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವಳು. ಆದರೆ ಆ ಫೈಲುಗಳಲ್ಲಿ ಎಷ್ಟೋ ಪತ್ರಗಳ ಕೊನೆಯ ಪುಟದಲ್ಲಿ ಸಾಕ್ಷಿಯಾಗಿ ನನ್ನ ಸಹಿ ಇದೆ. ಹೋದೆ. ಕುರ್ಚಿಯ ಬೆನ್ನಿಗೆ ಅವರ ಕರಿ ಕೋಟು ನೇತಾಡುತ್ತಿತ್ತು. ಅದನ್ನು ಮಡಿಸಲು ನನ್ನ ಕೈ ಬರಲಿಲ್ಲ, ಅವರ ತಮ್ಮನ ಕೈಯೂ ಬರಲಿಲ್ಲ. ಮಧ್ಯಾಹ್ನದವರೆಗೂ ಅದು ಅಲ್ಲೇ ಇತ್ತು.

ಊರವರು ಅವರನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ನಾನು ಮೇಡಂ ಎನ್ನುತ್ತಿದ್ದೆ. ಕುಳ್ಳಗಿನ ಹೆಂಗಸು. ಹತ್ತಿಯ ಸೀರೆ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಊರೋರ ಮನೆ ಪಾಲು ಮಾಡೋದ್ರಲ್ಲೇ ಹೊತ್ತು ಹೋಯ್ತು" ಎನ್ನುತ್ತಿದ್ದರು. ಕೋರ್ಟಿನಲ್ಲಿ ವಾದ ಮಾಡುವುದು ಅವರಿಗೆ ಅಷ್ಟು ಸೇರುತ್ತಿರಲಿಲ್ಲ. ವಿಲ್ಲು ಬರೆಯುವುದು, ಅಪ್ಪ ಇರುವಾಗಲೇ ಮಕ್ಕಳನ್ನು ಕೂರಿಸಿ ಪಾಲುಪಟ್ಟಿ ಮಾಡಿಸುವುದು, ಅಂಗಡಿಯನ್ನೋ ಕಾರ್ಖಾನೆಯನ್ನೋ ನಡೆಸುತ್ತಿದ್ದವರು ಅದನ್ನು ಮುಂದಿನವರ ಕೈಗೆ ದಾಟಿಸುವುದು, ಇದು ಅವರ ಕೆಲಸ. "ಸತ್ಮೇಲೆ ಜಗಳ ಆಡೋಕೆ ಬೇರೆ ಲಾಯರುಗಳವ್ರೆ. ಬದುಕಿದ್ದಾಗ್ಲೇ ಬರೋದಾದ್ರೆ ನನ್ನತ್ರ ಬನ್ನಿ" ಎನ್ನುತ್ತಿದ್ದರು.

ಯಾರ ಮನೆಗೆ ಹೋದರೂ ಅವರ ಮೊದಲ ಪ್ರಶ್ನೆ ಆಸ್ತಿಯ ಬಗ್ಗೆ ಇರುತ್ತಿರಲಿಲ್ಲ. "ಈ ಮನೇಲಿ ದಿನಾ ಯಾರ್ಯಾರು ಉಣ್ತೀರಿ?" ಎಂದು ಕೇಳುತ್ತಿದ್ದರು. ಪಹಣಿ, ಖಾತೆ, ಕ್ರಯಪತ್ರ ಎಲ್ಲ ಹರಡಿಕೊಂಡು ಕೂತವರು ಇದೇನು ಕೇಳುತ್ತಾರಪ್ಪ ಎಂದು ಮುಖ ನೋಡುತ್ತಿದ್ದರು. ಕಾಯ್ದೆಯ ಕಣ್ಣಿಗೆ ಬೀಳದವರು ಆ ಒಂದು ಪ್ರಶ್ನೆಗೇ ಹೊರಗೆ ಬರುತ್ತಿದ್ದರು. ಗಂಡ ಬಿಟ್ಟ ತಂಗಿ, ಚಿಕ್ಕಂದಿನಿಂದ ಮನೆಯಲ್ಲೇ ಬೆಳೆದ ಸೋದರಳಿಯ, ಅಡಿಗೆ ಮಾಡುತ್ತ ಮುದುಕಿಯಾದ ದೂರದ ನೆಂಟಳು.

ಹಾಗೆ ಹೊರಗೆ ಬಂದವಳು ನಾನೂ ಒಬ್ಬಳು.

ನನಗೆ ಮೂರು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಅವ್ವನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ನನ್ನನ್ನು ಚನ್ನಪಟ್ಟಣಕ್ಕೆ ಎತ್ತಿಕೊಂಡು ಬಂದರು. ದೊಡ್ಡಮ್ಮ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಗೊಂಬೆ ಮಾಡುತ್ತಿದ್ದರು. ಮನೆಯ ಹಿಂದೆ ಶೆಡ್ಡು, ಅದರಲ್ಲಿ ಮರ ತಿರುಗಿಸಿ ಕಡೆಯುವ ನಾಲ್ಕು ಲೇತು, ಆರು ಜನ ಕೆಲಸಗಾರರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವುದನ್ನು ನಾನು ಕಲಿತದ್ದು ಅವರ ಪಕ್ಕದಲ್ಲಿ ನಿಂತು. ಬಿ.ಎ. ಮುಗಿಸಿ ಬಂದ ಮೇಲೆ ಆರ್ಡರು ಹಿಡಿಯುವುದು, ಹೊಸ ನಮೂನೆ ತೆಗೆಯುವುದು, ಕೆಲಸಗಾರರನ್ನು ನೋಡಿಕೊಳ್ಳುವುದು ಎಲ್ಲ ನನ್ನ ಮೇಲೇ ಬಂತು. ದೊಡ್ಡಮ್ಮ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಆದರೆ ಅವರು ನನ್ನನ್ನು ದತ್ತು ತೆಗೆದುಕೊಂಡಿರಲಿಲ್ಲ. ಮಗಳನ್ನು ಮಗಳೆಂದು ಕಾಗದದಲ್ಲಿ ಬರೆಯಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

ನಲವತ್ತು ವರ್ಷ ಮರದ ಪುಡಿ ಕುಡಿದ ಶ್ವಾಸಕೋಶ ಕೊನೆಗೆ ಕೈಕೊಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ವಾರಕ್ಕೆ ದೊಡ್ಡಪ್ಪನೇ ಲಾಯರಮ್ಮನನ್ನು ಕರೆಸಿದರು. ಅದು ಗುರುವಾರ. ಚಪ್ಪಲಿ ಹೊರಗೆ ಬಿಟ್ಟು ಬಂದು, ನಾನು ಹಾಕಿದ ಕುರ್ಚಿಯಲ್ಲಿ ಕೂರದೆ, ದೊಡ್ಡಪ್ಪನ ಚಾಪೆಯ ಪಕ್ಕದಲ್ಲೇ ನೆಲಕ್ಕೆ ಕೂತರು. ತಮ್ಮ ಪ್ರಶ್ನೆ ಕೇಳಿದರು.

"ಇನ್ಯಾರವ್ರೆ ಮೇಡಂ. ನಾನು, ನನ್ ಮಗ್ಳು" ಎಂದರು ದೊಡ್ಡಪ್ಪ.

ಲಾಯರಮ್ಮ ನನ್ನ ಕಡೆ ತಿರುಗಿ, "ನೀನೊಸಿ ಆಚೆ ಹೋಗಿರಮ್ಮ. ಯಾರಿಗೆ ಬರೀತಾರೋ ಅವ್ರು ಎದುರಿಗಿರಬಾರದು. ನಾಳೆ ಯಾರಾದ್ರೂ, ಇವಳೇ ಹೇಳಿ ಬರೆಸ್ಕೊಂಡ್ಳು ಅಂದುಬಿಟ್ಟಾರು" ಎಂದರು. ನಾನು ಶೆಡ್ಡಿಗೆ ಹೋದೆ. ಒಂದು ಗಂಟೆ ಕಳೆದ ಮೇಲೆ ಹೊರಗೆ ಬಂದು, "ಎಲ್ಲ ಬರ್ಕೊಂಡಿದೀನಿ. ಟೈಪ್ ಮಾಡಿಸಿ, ಡಾಕ್ಟರನ್ನೂ ಇಬ್ಬರು ಸಾಕ್ಷಿಗಳನ್ನೂ ಕರ್ಕೊಂಡು ಸೋಮವಾರ ಬತ್ತೀನಿ. ಯಾವನೂ ಅಲ್ಲಾಡಿಸೋಕಾಗ್ದಂಗೆ ಮಾಡೋಣ" ಎಂದರು.

ಶನಿವಾರ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಟ್ಟು, ತಟ್ಟೆ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಲೋಟ ಚಾಪೆಯ ಮೇಲೆ ಬಿದ್ದಿತ್ತು. ದೊಡ್ಡಪ್ಪ ಗೋಡೆಗೆ ಒರಗಿಯೇ ಇದ್ದರು.

ವಿರೂಪಾಕ್ಷಿಪುರದಿಂದ ದೊಡ್ಡಪ್ಪನ ತಮ್ಮ ಬಂದು ಕಾರ್ಯ ಮಾಡಿದರು. ನಾನು ಅವರನ್ನು ಚಿಕ್ಕಪ್ಪ ಎನ್ನುತ್ತೇನೆ. ಕೆಟ್ಟವರಲ್ಲ. ತಿಥಿಯ ದಿನ ಎಲ್ಲರ ಊಟವಾದ ಮೇಲೆ, "ಮನೆ ಬೀಗದ ಕೈ ಎಲ್ಲೈತವ್ವ?" ಎಂದು ಮೆತ್ತಗೇ ಕೇಳಿದರು. ಅಷ್ಟರಲ್ಲಿ ಲಾಯರಮ್ಮ ಬಂದರು. ಕೈಯಲ್ಲಿ ಒಂದು ಲಕೋಟೆಯಿತ್ತು. ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಅದನ್ನು ಕೊಟ್ಟರು. ಟೈಪಾದ ವಿಲ್ಲು. ಮನೆ, ಶೆಡ್ಡು, ಯಂತ್ರ ಎಲ್ಲ ನನಗೆ. ಕೊನೆಯಲ್ಲಿ ಸಹಿಯ ಜಾಗ ಖಾಲಿ.

"ಇದಕ್ಕೆ ಬೆಲೆಯಿಲ್ಲ" ಎಂದರು. "ಸಹಿಯಿಲ್ದೆ ಇದು ಬರೀ ಕಾಗದ. ಹೆಂಡ್ತಿ ಮಕ್ಕಳು ತಾಯಿ ಯಾರೂ ಇಲ್ದಿರೋದ್ರಿಂದ ಎಲ್ಲಾ ಅವರ ತಮ್ಮನಿಗೆ ಹೋಗುತ್ತೆ. ನಿನಗೆ ಕಾಯ್ದೇಲಿ ಏನೂ ಬರಲ್ಲ. ತಪ್ಪು ನನ್ನದು. ಆವತ್ತೇ ಒಂದು ಹಾಳೇಲಿ ನಾಲ್ಕು ಸಾಲು ಬರ್ದು, ಪಕ್ಕದ ಮನೆಯೋರಿಬ್ಬರನ್ನ ಸಾಕ್ಷಿಗೆ ಕೂರಿಸ್ಕೊಂಡು ಸಹಿ ಹಾಕಿಸಿದ್ರೆ ಸಾಕಾಗ್ತಿತ್ತು. ನಾನು ಹಾಕಿಸ್ಲಿಲ್ಲ."

ಅವರು ಸಮಾಧಾನ ಹೇಳಿದ್ದರೆ ನಾನು ಅತ್ತುಬಿಡುತ್ತಿದ್ದೆನೇನೋ. ಹೀಗೆ ನೇರವಾಗಿ ಹೇಳಿದ್ದಕ್ಕೆ ಮೈ ಉರಿಯಿತು. ಒಳಗೆ ಹೋಗಿ ಬೀರುವಿನಿಂದ ಎರಡು ಖಾಲಿ ಹಾಳೆ ತಂದೆ. ಆಸ್ಪತ್ರೆಗೆ ಸೇರುವ ಮುನ್ನ ದೊಡ್ಡಪ್ಪ, ಬ್ಯಾಂಕಿಗೋ ಆಫೀಸಿಗೋ ಅರ್ಜಿ ಬೇಕಾದೀತು ಎಂದು ಕೆಳಗೆ ಸಹಿ ಹಾಕಿಟ್ಟಿದ್ದ ಹಾಳೆಗಳು ಅವು.

"ಇದ್ರ ಮೇಲೆ ಪ್ರಿಂಟ್ ಹಾಕಿಸಿ" ಎಂದೆ. "ಸಹಿ ಅವರದ್ದೇ. ಸಾಕ್ಷಿಗೆ ನೀವೇ ಯಾರನ್ನಾದ್ರೂ ಕರ್ಕೊಂಡು ಬನ್ನಿ."

ಲಾಯರಮ್ಮ ಹಾಳೆ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಆ ಸಹಿಯನ್ನು ಬಹಳ ಹೊತ್ತು ನೋಡಿದರು. ಒಪ್ಪಿಬಿಡುತ್ತಾರೆ ಎಂದೇ ಅಂದುಕೊಂಡೆ. ಅವರು ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟರು.

"ಆಗಲ್ಲಮ್ಮ."

"ಅವರ ಮನಸ್ಸಲ್ಲಿ ಏನಿತ್ತು ಅಂತ ನಿಮಗೇ ಹೇಳವ್ರೆ. ಇದ್ರಲ್ಲಿ ಸುಳ್ಳೇನೈತೆ?"

"ಮನಸ್ಸು ನಿಜ, ಸಹೀನೂ ನಿಜ. ದಿನ ಸುಳ್ಳು ಕಣಮ್ಮ. ಸಾಕ್ಷಿ ಸುಳ್ಳು. ಇವತ್ತು ನಿನಗೋಸ್ಕರ ಇದನ್ನ ಮಾಡಿದ್ರೆ, ನಾಳೆ ನಾನು ಬರೆದ ಯಾವ ಪತ್ರಾನ ಯಾರು ನಂಬ್ತಾರೆ?"

"ಹಂಗಾದ್ರೆ ನಿಮ್ ತಪ್ಪಿಗೆ ನಾನು ಬೀದೀಲಿ ನಿಂತ್ಕಬೇಕಾ?"

"ಹೂಂ" ಎಂದರು. "ನನ್ನ ತಪ್ಪಿಗೇ."

ಅವರ ಕಣ್ಣಲ್ಲಿ ನೀರಿತ್ತು. ನನಗೆ ಅದು ನಾಟಕವೆನ್ನಿಸಿತು. "ಇನ್ಮೇಲೆ ಈ ಬಾಗಿಲಿಗೆ ಬರಬೇಡಿ" ಎಂದೆ. ಆಮೇಲೆ ಥಟ್ಟನೆ ನೆನಪಾಯಿತು, ಬಾಗಿಲೂ ನನ್ನದಲ್ಲ.

ಅವರು ನನ್ನ ಬಾಗಿಲಿಗೆ ಬರಲಿಲ್ಲ, ವಿರೂಪಾಕ್ಷಿಪುರಕ್ಕೆ ಹೋದರು. ನನಗೆ ತಿಳಿದದ್ದು ಆಮೇಲೆ, ಚಿಕ್ಕಮ್ಮನಿಂದ. ಭಾನುವಾರ ಬಂತೆಂದರೆ ಬಸ್ಸು ಹಿಡಿದು ಬಂದು ಚಿಕ್ಕಪ್ಪನ ಜಗಲಿಯ ಮೇಲೆ ಕೂರುತ್ತಿದ್ದರಂತೆ. ಮೊದಲ ಸಲ ಚಿಕ್ಕಪ್ಪ, "ಒಡಹುಟ್ಟಿದೋನು ನಾನಿವ್ನಿ. ಕಾಯ್ದೇನೇ ನಂಗೆ ಕೊಟ್ಟೈತೆ. ನೀವ್ಯಾಕೆ ಮಧ್ಯಕ್ಕೆ ಬತ್ತೀರಿ?" ಎಂದು ರೇಗಿದರಂತೆ. ಲಾಯರಮ್ಮ, "ಕೊಟ್ಟೈತೆ ಕಣಣ್ಣ. ನಿಮ್ದಲ್ಲ ಅನ್ನೋಕೆ ನಾನು ಬಂದಿಲ್ಲ. ನಿಮ್ದಾಗಿರೋದಕ್ಕೇ ಕೇಳೋಕ್ ಬಂದಿವ್ನಿ" ಎಂದರಂತೆ. ಇನ್ನೊಂದು ಭಾನುವಾರ, ಆ ಗುರುವಾರ ದೊಡ್ಡಪ್ಪ ಹೇಳಿದ್ದನ್ನು ಬರೆದುಕೊಂಡಿದ್ದ ನೋಟ್‌ಬುಕ್ ತಂದು ಓದಿ ಹೇಳಿದರಂತೆ. ಚಿಕ್ಕಪ್ಪ ಎದ್ದು ಹಿತ್ತಿಲಿಗೆ ಹೋದವರು ಅವರು ಹೊರಡುವವರೆಗೂ ಬರಲಿಲ್ಲವಂತೆ.

ನನ್ನನ್ನು ಕರೆಸಿದ್ದು ಅವರು ಹಾಗೆ ಹೋದ ಕೊನೆಯ ಭಾನುವಾರ. ಜಗಲಿಯ ಒಂದು ತುದಿಯಲ್ಲಿ ಲಾಯರಮ್ಮ, ಇನ್ನೊಂದು ತುದಿಯಲ್ಲಿ ನಾನು. ನಾನು ಅವರ ಕಡೆ ನೋಡಲಿಲ್ಲ. ಚಿಕ್ಕಪ್ಪ ನೆಲ ನೋಡುತ್ತ ಮಾತಾಡಿದರು. "ಮನೆ ಕೊಡಕಾಗಾಕಿಲ್ಲ. ನನ್ ಮಗನ್ಗೂ ಒಂದು ನೆಲೆ ಬೇಕು."

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, "ನಿನ್ನತ್ಗೆ ಹಾಸಿಗೆ ಹಿಡ್ದಾಗ ಎತ್ತಿ ಇಳ್ಸಿದ್ದು ನಿನ್ ಮಗನಾ? ಈ ಮಗೀನೇ ಅಲ್ವಾ?" ಎಂದರು.

ಚಿಕ್ಕಪ್ಪ, "ಮಿಷನ್ನು, ಉಳಿ, ಮರ ಎಲ್ಲಾ ಅವಳೇ ತಗಳ್ಲಿ. ಎರಡ್ ವರ್ಸ ಶೆಡ್ನಾಗೇ ಕೆಲ್ಸ ಮಾಡ್ಕಳ್ಲಿ. ಆಮೇಲೆ ಬುಟ್ಕೊಡ್ಲಿ" ಎಂದರು.

ಲಾಯರಮ್ಮ ಕೂಡಲೇ ಚೀಲದಿಂದ ಹಾಳೆ ತೆಗೆದರು. ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಅಲ್ಲೇ ಕೈಯಲ್ಲಿ ಬರೆದರು. ಓದಿ ಹೇಳಿದರು. ಎದುರು ಮನೆಯ ಇಬ್ಬರನ್ನು ಕರೆದು ಸಾಕ್ಷಿ ಹಾಕಿಸಿದರು. ಆ ಹಾಳೆಯ ಮೇಲಿನ ಶಾಯಿ ಒಣಗುವವರೆಗೂ ಊದುತ್ತ ಕೂತಿದ್ದರು. ಮುಂದಿನ ವಾರ ಅದನ್ನು ರಿಜಿಸ್ಟರ್ ಮಾಡಿಸಿದ್ದೂ ಅವರೇ.

ನಾನು ಬೆಳೆದ ಮನೆಗೆ ಬೇರೆ ಬೀಗ ಬಿತ್ತು. ಎರಡು ವರ್ಷ, ದಿನಾ ಬೆಳಿಗ್ಗೆ ಆ ಬೀಗ ದಾಟಿಕೊಂಡು ಹಿಂದಿನ ಶೆಡ್ಡಿಗೆ ಕೆಲಸಕ್ಕೆ ಹೋದೆ. ನಂತರ ಪೇಟೆಯ ಆಚೆ ಬಾಡಿಗೆಗೆ ಶೆಡ್ಡು ಹಿಡಿದೆ. ನಾಲ್ಕು ಲೇತೂ ಅಲ್ಲಿಗೆ ಬಂದವು, ಕೆಲಸಗಾರರಲ್ಲಿ ನಾಲ್ವರು ಬಂದರು. ದೊಡ್ಡಪ್ಪನ ಕೈಗೆಲಸದ ಹೆಸರು ಉಳಿಯಿತು. ಅದು ಉಳಿದದ್ದು ಲಾಯರಮ್ಮನಿಂದ. ಮನೆ ಹೋದದ್ದೂ ಅವರಿಂದಲೇ. ಒಂದಕ್ಕಾಗಿ ಇನ್ನೊಂದನ್ನು ಮರೆಯಲು ನನ್ನಿಂದ ಆಗಲಿಲ್ಲ.

ಹೊಸ ಶೆಡ್ಡು ಹಿಡಿದ ವರ್ಷವೇ ಅವರು ಮತ್ತೆ ಬಂದರು. ಬಾಗಿಲ ಹೊರಗೆ ನಿಂತೇ, "ಬಿಡದಿ ಹತ್ರ ಬೈರಮಂಗಲದಲ್ಲಿ ಒಬ್ಬ ಅಜ್ಜಿ ವಿಲ್ ಮಾಡ್ತಾರಂತೆ. ಒಂದು ಸಾಕ್ಷಿ ಬೇಕು. ಬರ್ತೀಯಾ?" ಎಂದರು.

"ನಾನ್ಯಾಕೆ?"

"ತಡ ಮಾಡಿದ್ರೆ ಏನಾಗುತ್ತೆ ಅಂತ ಗೊತ್ತಿರೋರು ಪಕ್ಕದಲ್ಲಿರ್ಲಿ ಅಂತ."

ನಿಜ ಹೇಳುತ್ತೇನೆ, ಅವರನ್ನು ಪರೀಕ್ಷೆ ಮಾಡಲೆಂದೇ ಹೋದೆ. ಅವತ್ತೇ ಬರೆಸುತ್ತಾರೋ ಇಲ್ಲವೋ ನೋಡೋಣ ಎಂದು. ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು. ತಮ್ಮ ಪ್ರಶ್ನೆ ಕೇಳಿದರು. ಕಾಫಿ ಬಂತು, ಕುಡಿಯಲಿಲ್ಲ. ಕೈಬರಹದಲ್ಲಿ ಒಂದೇ ಪುಟ ಬರೆದು, ಓದಿ ಹೇಳಿ, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ, ನನ್ನದೂ ಪಕ್ಕದ ಮನೆಯವರೊಬ್ಬರದೂ ಸಾಕ್ಷಿ ಸಹಿ ಹಾಕಿಸಿದ ಮೇಲೆ ಆರಿದ ಕಾಫಿ ಕುಡಿದರು. "ಇದು ಇವತ್ತಿಗೆ. ಗಟ್ಟಿಯಾಗಿ ಇನ್ನೊಂದು ಬರೆಯೋಣ, ಡಾಕ್ಟರ ಮುಂದೆ" ಎಂದರು. ಆ ದಿನದಿಂದ ಅವರ ರೂಢಿಯೇ ಅದಾಯಿತು. ಮೊದಲ ಭೇಟಿಯಲ್ಲೇ ಸಹಿ, ಉಳಿದದ್ದು ಆಮೇಲೆ. ಬೇರೆ ವಕೀಲರು ನಗುತ್ತಿದ್ದರಂತೆ.

ಹೀಗೆ ಅವರ ಜೊತೆ ಎಷ್ಟೋ ಮನೆಗೆ ಹೋದೆ. ಎಲ್ಲರ ಗುಟ್ಟನ್ನೂ ಇಲ್ಲಿ ಹೇಳುವಂತಿಲ್ಲ. ರಾಮನಗರದ ಒಬ್ಬ ಭಾಯಿಯ ವಿಷಯ ಮಾತ್ರ ಹೇಳುತ್ತೇನೆ. ತಾನು ಹೋದ ಮೇಲೆ ಹೇಳಬಹುದು ಎಂದು ಅವರೇ ನಕ್ಕಿದ್ದರು.

ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಅವರದ್ದು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಮಗ ಹುಡುಗನಾಗಿದ್ದಾಗಿನಿಂದ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ದುಡಿದವನು. ಕಾರ್ಖಾನೆ ಅವನಿಗೇ ಸೇರಬೇಕೆಂದು ವಿಲ್ ಬರೆಸಲು ಬಂದಿದ್ದರು. ಲಾಯರಮ್ಮ, "ನಿಮ್ಮ ಮುಸಲ್ಮಾನ್ರ ಕಾಯ್ದೇಲಿ ಹಂಗಾಗಲ್ಲ ಭಾಯಿ. ವಾರಸುದಾರರಲ್ಲಿ ಒಬ್ಬನಿಗೆ ಅಂತ ವಿಲ್ ಬರೆದ್ರೆ ಮಿಕ್ಕೋರು ಒಪ್ಪಬೇಕು. ಕೊಡೋದಾದ್ರೆ ಬದುಕಿದ್ದಾಗ್ಲೇ ಕೊಟ್ಟುಬಿಡಿ. ಹೆಣ್ಣುಮಕ್ಕಳನ್ನೂ ಕರೆಸಿ, ಅವರಿಗೆ ಕೊಡೋದನ್ನೂ ಅದೇ ದಿನ ಕೊಡಿ" ಎಂದರು.

"ಕೊಟ್ಟುಬಿಡಿ ಅಂದ್ರೆ?"

"ಅಂದ್ರೆ ಕಾರ್ಖಾನೆ ಕೀಲಿಕೈ ಮಗನ ಕೈಗೆ ಹೋಗಬೇಕು. ಮಾತಲ್ಲಿ ಕೊಟ್ಟು ಕೈಯಲ್ಲಿ ಇಟ್ಕೊಂಡ್ರೆ ಅದು ಕೊಟ್ಟಂಗಲ್ಲ."

ಭಾಯಿ ಎದ್ದು ಹೋದರು. ತಿಂಗಳುಗಟ್ಟಲೆ ಬರಲಿಲ್ಲ. ಲಾಯರಮ್ಮ ಎರಡು ಮೂರು ಸಲ ತಾವೇ ಕಾರ್ಖಾನೆಗೆ ಹೋಗಿ ಕೂತು ಬಂದರು. ಕೊನೆಗೆ ಒಂದು ದಿನ ಎಲ್ಲರೂ ಸೇರಿದರು. ಊರೊಳಗಿನ ಮನೆ ಇಬ್ಬರು ಹೆಣ್ಣುಮಕ್ಕಳಿಗೆ, ಕಾರ್ಖಾನೆ ಮಗನಿಗೆ. ಪತ್ರವಾಯಿತು. ಭಾಯಿ ಜೇಬಿನಿಂದ ಕೀಲಿಕೈ ತೆಗೆದು ಮಗನ ಅಂಗೈಯಲ್ಲಿಟ್ಟು, "ಸಂಭಾಲಿಸ್ಕೋ ಬೇಟಾ" ಎಂದು ಹೊರಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ನಾವು ಹೋಗಿ ನೋಡಿದರೆ ಬೀದಿಯ ಕಲ್ಲಿನ ಮೇಲೆ ಕೂತು ಅಳುತ್ತಿದ್ದರು. ಲಾಯರಮ್ಮ ಪಕ್ಕದಲ್ಲಿ ಕೂತರು.

"ಇವತ್ತೇ ಸತ್ತಂಗಾಯ್ತು ಅಮ್ಮ."

"ಇಲ್ಲ ಭಾಯಿ. ನಾಳೆ ಬೆಳಿಗ್ಗೆ ಎದ್ದು ಅದೇ ಕಾರ್ಖಾನೆಗೆ ಹೋಗ್ತೀರಿ. ಮಗ ಕುರ್ಚಿ ಹಾಕ್ತಾನೆ. ಹಾಕ್ಲಿಲ್ಲ ಅಂದ್ರೆ ನನಗೆ ಫೋನ್ ಮಾಡಿ, ನಾನು ಬಂದು ಬೈತೀನಿ."

ಮಗ ಕುರ್ಚಿ ಹಾಕಿದ. ಮೂರು ವರ್ಷ ಭಾಯಿ ಅದರಲ್ಲಿ ಕೂತು ನೂಲು ನೋಡುತ್ತಿದ್ದರು. ಅವರು ತೀರಿಕೊಂಡಾಗ ಮೂವರು ಮಕ್ಕಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಅದನ್ನು ನೋಡಿ ಲಾಯರಮ್ಮ ನನ್ನ ಕಿವಿಯಲ್ಲಿ, "ನನ್ನ ಕೆಲಸ ಇಷ್ಟೇ ನೋಡು. ಅಳೋಕೆ ಅವಕಾಶ ಮಾಡಿಕೊಡೋದು" ಎಂದರು. ನನಗೆ ದೊಡ್ಡಪ್ಪನ ತಿಥಿಯ ದಿನ ನೆನಪಾಯಿತು. ನಾನು ಅವತ್ತು ಅತ್ತಿರಲಿಲ್ಲ. ನನ್ನ ಮುಖ ನೋಡಿ ಅವರಿಗೂ ಅದೇ ನೆನಪಾಯಿತೆಂದು ಕಾಣುತ್ತದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

ಒಮ್ಮೆ ಮಾಗಡಿಯಿಂದ ಬಸ್ಸಿನಲ್ಲಿ ಬರುವಾಗ ಕೇಳಿಯೇಬಿಟ್ಟೆ. "ಅವತ್ತು ಗುರುವಾರ ಯಾಕೆ ಸಹಿ ಹಾಕಿಸ್ಲಿಲ್ಲ ಮೇಡಂ?"

ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. ಅದಕ್ಕೆ ಹಿಂದಿನ ವರ್ಷ ಒಬ್ಬ ಕಾಯಿಲೆ ಮನುಷ್ಯನ ವಿಲ್ಲನ್ನು ಅವಸರದಲ್ಲಿ ಬರೆಸಿದ್ದರಂತೆ. ಅವನ ಬುದ್ಧಿ ಸ್ತಿಮಿತದಲ್ಲಿತ್ತು ಎನ್ನಲು ಡಾಕ್ಟರ ಚೀಟಿಯಿಲ್ಲ ಎಂದು ಎದುರು ಪಕ್ಷದವರು ವಾದಿಸಿ ಅದನ್ನು ಬೀಳಿಸಿದರಂತೆ. ಅವನ ಹೆಂಡತಿ ಕೋರ್ಟಿನ ಆವರಣದಲ್ಲೇ ಇವರಿಗೆ ಶಾಪ ಹಾಕಿದಳಂತೆ. "ನಿಂಗೆ ಹಂಗಾಗಬಾರದು ಅಂತ ಅಂದ್ಕೊಂಡೆ. ಗಟ್ಟಿ ಮಾಡೋಕೆ ಹೋಗಿ ಇಲ್ದಂಗೇ ಮಾಡ್ದೆ."

"ಇದನ್ನ ಅವತ್ತೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೆಪ ಹೇಳ್ದಂಗಾಗ್ತಿತ್ತು."

ಎರಡು ವರ್ಷದ ಹಿಂದೆ ಅವರ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಆಸ್ಪತ್ರೆಗೆಂದು ಬೆಂಗಳೂರಿಗೆ ಹೋಗುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಬರುವಾಗ ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನಲೇಬೇಕು ಎಂದು ಹಟ. ಎರಡು ತುತ್ತಿಗಿಂತ ಹೆಚ್ಚು ಒಳಗೆ ಹೋಗುತ್ತಿರಲಿಲ್ಲ. ತಟ್ಟೆಯನ್ನು ನನ್ನ ಕಡೆ ತಳ್ಳಿ ನಾನು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದರು. ಮುಗಿಯದೆ ಉಳಿದ ಕೆಲಸವನ್ನೆಲ್ಲ ಕನಕಪುರದ ಒಬ್ಬ ವಕೀಲೆಗೆ, ತಮ್ಮ ಹತ್ತಿರ ಕೆಲಸ ಕಲಿತವಳಿಗೆ, ಒಂದೊಂದಾಗಿ ಒಪ್ಪಿಸಿದರು. ಆಸ್ಪತ್ರೆಯ ಮಂಚದ ಮೇಲಿಂದಲೂ ಅವಳಿಗೆ ಫೋನು ಮಾಡಿ, "ಆ ಮನೆಗೆ ಹೋದ್ಯಾ? ಸಹಿ ಆಯ್ತಾ?" ಎಂದು ಕೇಳುತ್ತಿದ್ದರು.

ಕೊನೆಯ ಸಲ ನೋಡಿದಾಗ ಅವರು ರಾಮನಗರದ ಮನೆಯ ಮುಂದೆ ಬಿಸಿಲಿಗೆ ಕೂತಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ. ನಾನು ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಸಾಕೆಂದರು.

"ಒಂದು ಕೇಳ್ಲಾ?" ಎಂದರು. "ನನ್ ಮೇಲೆ ಇನ್ನೂ ಕೋಪ ಐತಾ?"

ಇಲ್ಲ ಎನ್ನಬೇಕಿತ್ತು. ಯಾರಾದರೂ ಹಾಗೇ ಅನ್ನುತ್ತಿದ್ದರು. ಆದರೆ ಆ ಹೆಂಗಸು ಇಷ್ಟು ವರ್ಷದಲ್ಲಿ ನನಗೆ ಒಂದು ಸುಳ್ಳೂ ಹೇಳಿರಲಿಲ್ಲ.

"ಒಸಿ ಐತೆ ಮೇಡಂ" ಎಂದೆ.

ಅವರು ನಕ್ಕರು. ನಗು ಕೆಮ್ಮಾಯಿತು. ಬೆನ್ನು ಸವರಿದೆ. ಕೆಮ್ಮು ನಿಂತ ಮೇಲೆ, "ಒಳ್ಳೇದಾಯ್ತು. ಇಲ್ಲ ಅಂದಿದ್ರೆ ನಂಬ್ತಿರ್ಲಿಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಗಂಜಿ ಆರುವವರೆಗೂ ಹಾಗೇ ಕೂತಿದ್ದೆವು.

ಅದಾದ ಐದನೇ ದಿನಕ್ಕೆ ಹೋದರು. ಮಾಗಡಿ ಕಡೆ ಅವರ ಹುಟ್ಟೂರಿನ ಹೊಲದಲ್ಲಿ ಮಣ್ಣು ಮಾಡಿದರು. ಬಹಳ ಜನ ಬಂದಿದ್ದರು. ಕಾರಿನಲ್ಲಿ ಬಂದವರು, ಟೆಂಪೋದಲ್ಲಿ ಬಂದವರು, ಬರಿಗಾಲಲ್ಲಿ ನಡೆದು ಬಂದ ಮುದುಕಿಯರು. ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ನಿಮಗೆ ಇವರು ಹೇಗೆ ಗೊತ್ತು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ವಿರೂಪಾಕ್ಷಿಪುರದ ಚಿಕ್ಕಪ್ಪನೂ ಕೋಲೂರಿಕೊಂಡು ಬಂದು ಒಂದು ಕಡೆ ನಿಂತಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು. ನಾನು ಹೋಗಿ ಅವರ ಪಕ್ಕದಲ್ಲಿ ನಿಂತೆ.

ಒಬ್ಬೊಬ್ಬರಾಗಿ ಮುಂದೆ ಹೋಗಿ ಮಣ್ಣು ಹಾಕಿದರು. ನನ್ನ ಸರದಿ ಬಂತು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಅಂದು ಉಳಿದಿದೆ ಎಂದಿದ್ದ ಆ ಒಸಿ ಕೋಪಕ್ಕಾಗಿ ನನ್ನೊಳಗೆಲ್ಲ ಹುಡುಕಿದೆ. ಇರಲಿಲ್ಲ. ಎಲ್ಲೂ ಇರಲಿಲ್ಲ. ಯಾವಾಗ ಹೋಗಿತ್ತೋ ನನಗೇ ತಿಳಿದಿರಲಿಲ್ಲ. ಅದನ್ನು ಯಾರಿಗೆ ಹೇಳಬೇಕಾಗಿತ್ತೋ ಅವರು ಕೆಳಗೆ ಮಲಗಿದ್ದರು. ಹಿಂದೆ ನಿಂತವರು ಮುಂದೆ ಸರಿಯಿರಿ ಎನ್ನುವವರೆಗೂ ನಾನು ಆ ಮಣ್ಣನ್ನು ಹಿಡಿದುಕೊಂಡೇ ನಿಂತಿದ್ದೆ.